ಇಜೇರಿಯಿಂದ ಬಂದ ಮೂರನೆಯ ಕಾಗದ

ನಾನು ಒಳ್ಳೆಯ ಶಿಕ್ಷಕಿ ಎಂದು ಆಳಂದದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ಹೇಳುವವರಿಗೇನು? ಅವರು ನನ್ನ ಮೊದಲನೆಯ ವಿದ್ಯಾರ್ಥಿನಿಯನ್ನು ನೋಡಿಲ್ಲ. ಆಕೆಗೆ ಓದು ಕಲಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಕಲಿಸಿರಲಿಲ್ಲ. ಕಲಿಸಿಲ್ಲ ಎಂದು ನನಗೇ ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡು ಕೂತೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಆ ನಂಬಿಕೆ ಇಲ್ಲ. ಆದರೂ ಬರೆಯುತ್ತೇನೆ.

ಎಂಬತ್ತರ ದಶಕದ ಆರಂಭ. ಗುಲಬರ್ಗಾದಲ್ಲಿ ಟಿ.ಸಿ.ಎಚ್. ಮುಗಿಸಿ ನೌಕರಿಯ ಆರ್ಡರಿಗೆ ಕಾಯುತ್ತಿದ್ದೆ. ಆಳಂದದ ಮನೆಯಲ್ಲಿ ಕೂತು ಕಾಯುವುದಕ್ಕಿಂತ ಅಫಜಲಪುರ ತಾಲೂಕಿನ ಕರಜಗಿಯಲ್ಲಿ ನನ್ನ ಸೋದರತ್ತೆಯ ಜೊತೆಗಿದ್ದು ಕಾಯಲಿ ಎಂದು ಅಪ್ಪ ಕಳಿಸಿದ. ಅತ್ತೆಗೆ ಮೊಣಕಾಲು ನೋವು, ರೊಟ್ಟಿ ಬಡಿಯಲು ಒಬ್ಬರು ಬೇಕಿತ್ತು. ನಾನು ರೊಟ್ಟಿ ಬಡಿಯುವುದರಲ್ಲಿ ಅಷ್ಟಕ್ಕಷ್ಟೆ, ಬಾಯಿ ಬಡಿಯುವುದರಲ್ಲಿ ಮುಂದು. ನಾಳೆ ಸರಕಾರಿ ಟೀಚರ್ ಆಗುವವಳು ಎಂಬ ಧಿಮಾಕು ಬೇರೆ. ಓಣಿಯವರು ಆಗಲೇ "ಅಕ್ಕೋರ" ಎಂದು ಕರೆಯಲು ಶುರು ಮಾಡಿದ್ದರು. ನಾನೂ ಬೇಡ ಎನ್ನಲಿಲ್ಲ.

ಎದುರುಮನೆ ಗೌಡರದು. ಮನೆಯಲ್ಲಿ ಗೌಡರು, ಗೌಡಸಾನಿ, ಹತ್ತು ವರ್ಷದ ಕಿರಿಯ ಮಗಳು, ಮೂವರೇ. ಹಿರಿಯ ಮಗಳನ್ನು ಹಿಂದಿನ ವರ್ಷ ಜೇವರ್ಗಿ ಕಡೆಯ ಇಜೇರಿಗೆ ಕೊಟ್ಟಿದ್ದರು. ಗೌಡರು ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು, ಕನ್ನಡದ ಒಂದಕ್ಷರ ಅವರಿಗೆ ಬಾರದು. ಗೌಡಸಾನಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಏಳನೆಯ ತರಗತಿಯವರೆಗೆ ಓದಿದ್ದ ಹಿರಿಯ ಮಗಳೊಬ್ಬಳೇ ಮನೆಯಲ್ಲಿ ಕನ್ನಡ ಓದುತ್ತಿದ್ದವಳು. ಆಕೆ ಗಂಡನ ಮನೆಗೆ ಹೋದ ಮೇಲೆ ಆಕೆ ಬರೆದ ಕಾಗದವನ್ನೇ ಓದುವವರಿಲ್ಲ. ಟಪಾಲಿನವನು ಕಟ್ಟೆಯ ಮೇಲೆ ನಿಂತು ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದ. ಮಗಳಿಗೆ ವಾಂತಿಯಾದದ್ದು, ಅತ್ತೆ ಒಂದು ಮಾತು ಅಂದದ್ದು, ಎಲ್ಲ ಓಣಿಗೇ ಗೊತ್ತಾಗುತ್ತಿತ್ತು.

ಒಂದು ದಿನ ಗೌಡಸಾನಿ ಸಣ್ಣ ಮಗಳ ಕೈ ಹಿಡಿದುಕೊಂಡು ಬಂದಳು.

"ಅಕ್ಕೋರ, ಈ ಸಣ್ಣಾಕಿಗೆ ಓದಾಕ ಕಲಸ್ರಿ. ನನ್ನ ಮಗಳ ಸುಖದುಃಖ ಟಪಾಲಿನವನ ಬಾಯಾಗ ಯಾಕ ಬೀಳಬೇಕ್ರಿ? ನಾಕನೇ ಕ್ಲಾಸಿಗೆ ಬಂದಾಳ, ಇನ್ನಾ ಪುಸ್ತಕ ಹಿಡದ್ರ ಸಾಕು, ಕಣ್ಣಾಗ ನೀರ ತರ್ತಾಳ."

"ಅಷ್ಟs ಅಲ್ಲೇನ್ರಿ ಕಾಕು? ಮೂರು ತಿಂಗಳು ಕೊಡ್ರಿ, ಪೇಪರ ಓದಸ್ತೇನಿ" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು ಅವರ ಪಡಸಾಲೆಯಲ್ಲಿ ಪಾಠ. ಹುಡುಗಿ ಎದುರು ಗೋಡೆಗೆ ಆನಿಸಿಟ್ಟ ಕರಿಹಲಗೆಯ ಮೇಲೆ ಬರೆದದ್ದನ್ನು ಚೆನ್ನಾಗಿಯೇ ಓದುತ್ತಿದ್ದಳು. ಪುಸ್ತಕ ಕೊಟ್ಟರೆ ತಡವರಿಸುತ್ತಿದ್ದಳು. ಟ್ರೇನಿಂಗಿನಲ್ಲಿ ನಮಗೆ ಕಲಿಸಿದ್ದ ಪದ್ಧತಿಯಂತೆ ಮೊದಲು ನಾನು ಪಾಠವನ್ನು ಗಟ್ಟಿಯಾಗಿ ಓದಿ ತೋರಿಸುತ್ತಿದ್ದೆ, ಆಮೇಲೆ ಆಕೆ ಓದುತ್ತಿದ್ದಳು. ಎರಡು ವಾರಕ್ಕೇ ಹುಡುಗಿ ಬೆರಳಿಟ್ಟು ಸರಸರ ಓದತೊಡಗಿದಳು. ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಪುಟ ತಿರುವಬೇಕಾದಲ್ಲಿ ತಿರುವಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಆ ಮನೆಯಲ್ಲಿ ಮೊದಲು ಅಜ್ಜಿಯೊಬ್ಬಳಿದ್ದಳಂತೆ, ಈಗ ತೀರಿಕೊಂಡಿದ್ದಳು. ಇಷ್ಟಲಿಂಗ ಪೂಜೆಯ ಹೊತ್ತಿಗೆ ದಿನಾ ಬಾಯಿಪಾಠದಿಂದ ವಚನ ಹೇಳುತ್ತಿದ್ದಳಂತೆ. ಈ ಹುಡುಗಿ ನಾಲ್ಕು ವರ್ಷದವಳಿದ್ದಾಗಿನಿಂದ ಅಜ್ಜಿಯ ಪಕ್ಕ ಕೂತು ಅವನ್ನೆಲ್ಲ ಕಿವಿಯಿಂದಲೇ ಕಲಿತಿದ್ದಳು. ಒಮ್ಮೆ ಕೇಳಿದ್ದು ಆಕೆಗೆ ಮರೆಯುತ್ತಿರಲಿಲ್ಲ. ಗೌಡಸಾನಿ ಇದನ್ನು ನನಗೆ ಮೊದಲ ವಾರವೇ ಹೇಳಿದ್ದಳು. ಹೇಳಿದರೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಹೊಗಳಿಕೆ ಕಿವಿಯಲ್ಲಿ ತುಂಬಿದವರಿಗೆ ಬೇರೇನು ಕೇಳಿಸುತ್ತದೆ?

ಗೌಡರಂತೂ ಮನೆಗೆ ಬಂದವರನ್ನೆಲ್ಲ ಕೂರಿಸಿ ಮಗಳ ಕೈಯಲ್ಲಿ ಪಾಠ ಓದಿಸುವುದನ್ನು ಚಟ ಮಾಡಿಕೊಂಡರು. "ನಮ್ಮ ಅಕ್ಕೋರು ಕಲ್ಲಿಗೆ ಮಾತು ಕಲಸ್ಯಾರ ನೋಡ್ರಿ" ಎನ್ನುತ್ತಿದ್ದರು. ನನ್ನ ನೌಕರಿಯ ಬಗ್ಗೆ ಮೇಲಿನವರ ಹತ್ತಿರ ಒಂದು ಮಾತು ಹಾಕುತ್ತೇನೆ ಎಂದರು. ಜೇವರ್ಗಿಯಲ್ಲಿ ಕ್ಲಾರ್ಕ್ ಆಗಿರುವ ಒಬ್ಬ ವರ ಇದ್ದಾನೆ, ಮಾತಾಡುತ್ತೇನೆ ಎಂದೂ ಅತ್ತೆಗೆ ಹೇಳಿದರು. ಒಂದೇ ಹುಡುಗಿಗೆ ಓದಿಸಿ ನನಗೆ ನೌಕರಿಯೂ ಗಂಡನೂ ಒಟ್ಟಿಗೆ ಸಿಗುವ ಹಾಗಿತ್ತು.

ಹುಡುಗಿಗೆ ನಿಜವಾಗಿ ರುಚಿ ಇದ್ದದ್ದು ವಿಜ್ಞಾನದಲ್ಲಿ. ಒದ್ದೆ ಬಟ್ಟೆಯಲ್ಲಿ ಜೋಳದ ಕಾಳು ಕಟ್ಟಿಟ್ಟು ದಿನಕ್ಕೆ ನಾಲ್ಕು ಸಲ ಬಿಚ್ಚಿ ನೋಡುತ್ತಿದ್ದಳು. ಬೇರು ಯಾಕೆ ಕೆಳಗೇ ಹೋಗುತ್ತದೆ, ಕಾಳನ್ನು ತಲೆಕೆಳಗೆ ಇಟ್ಟರೆ ಅದಕ್ಕೆ ಕೆಳಗೆ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿ ನನ್ನ ಬಾಯಿ ಕಟ್ಟಿಸುತ್ತಿದ್ದಳು. ಪುಸ್ತಕದಲ್ಲಿದ್ದ ಪ್ರಶ್ನೆಗಳಿಗೆ ಉತ್ತರ ನನಗೆ ಬರುತ್ತಿತ್ತು, ಆಕೆಯ ಪ್ರಶ್ನೆಗಳು ಪುಸ್ತಕದಲ್ಲಿ ಇರುತ್ತಿರಲಿಲ್ಲ. ಊರಬಾಗಿಲ ಅಗಸೆಯ ಆಚೆ ಹೊಲದಲ್ಲಿ ಮೇಯುವ ಎತ್ತು ಯಾರದು ಎಂದು ಕಟ್ಟೆಯ ಮೇಲೆ ಕೂತೇ ಹೇಳುತ್ತಿದ್ದಳು. ಅಂಥ ಕಣ್ಣಿನವಳ ಕಣ್ಣಿನಲ್ಲೇ ದೋಷ ಇದೆಯೆಂದು ಯಾರು ತಾನೆ ಅಂದುಕೊಂಡಾರು?

ದಸರೆಗೆ ಮುಂಚೆ ಒಂದು ಮಧ್ಯಾಹ್ನ ಇರುವೆಯ ಪಾಠ. ನನ್ನ ಟ್ರಂಕಿನಲ್ಲಿದ್ದ ಭೂತಗನ್ನಡಿ ತಂದಿದ್ದೆ. ಹಿಡಿ ಇದ್ದ ಒಳ್ಳೆಯ ದಪ್ಪ ಗಾಜು. ಹುಡುಗಿ ಇರುವೆಯನ್ನು ನೋಡಿ ಕುಣಿದಾಡಿದಳು. "ಅಕ್ಕೋರ, ಇದಕ್ಕ ಮೊಣಕಾಲ ಅದಾವ್ರಿ!" ಇರುವೆ ಪುಸ್ತಕದ ಮೇಲೆ ಹತ್ತಿತು, ಗಾಜೂ ಅದರ ಹಿಂದೆ ಹೋಯಿತು. ಇರುವೆ ಹೋದರೂ ಗಾಜು ಅಲ್ಲೇ ನಿಂತಿತು.

"ಅಕ್ಕೋರ, ಇವು ನಿಂತಾವ್ರಿ."

"ಏನು ನಿಂತಾವ?"

"ಅಕ್ಷರ. ದಿನಾ ಒಂದರ ಮ್ಯಾಲೊಂದು ಬಿದ್ದಿರ್ತಾವಲ್ರಿ. ಇವತ್ತ ಬ್ಯಾರೆ ಬ್ಯಾರೆ ನಿಂತಾವ."

ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ನಾವಿನ್ನೂ ಮಾಡಿರದ ಪಾಠ ಅದು. ನಿಧಾನವಾಗಿ, ತಪ್ಪುತ್ತ, ಖರೇವಾಗಿ ಓದುತ್ತಿದ್ದಳು. ನಾನು ಗಾಜು ಕಿತ್ತುಕೊಂಡು ಅದೇ ಸಾಲನ್ನು ಓದು ಎಂದೆ. ಹುಡುಗಿ ಪುಸ್ತಕವನ್ನು ಮೊಣಕಾಲಿನ ಆಚೆಗೆ ಸರಿಸಿ ಕಣ್ಣು ಕಿರಿದು ಮಾಡಿ ನೋಡಿದಳು, ಮುಖ ಬಾಡಿತು. ಒಂದಕ್ಷರವೂ ಬರಲಿಲ್ಲ. ಮಾಡಿ ಮುಗಿಸಿದ ಪಾಠ ತೆಗೆದುಕೊಟ್ಟೆ, ಗಾಜಿಲ್ಲದೆ ಗಡಗಡ ಹೇಳಿದಳು. ಪುಸ್ತಕವನ್ನು ತಲೆಕೆಳಗೆ ಮಾಡಿ ಕೊಟ್ಟೆ. ಆಗಲೂ ಗಡಗಡ ಹೇಳಿದಳು.

ಅಯ್ಯೋ ಶಿವನೆ ಎಂದು ಆಕೆಯನ್ನು ತಬ್ಬಿಕೊಂಡೆನೇ? ಇಲ್ಲ. ನನಗೆ ಸಿಟ್ಟು ಬಂತು. ಮೂರು ತಿಂಗಳು ನನ್ನನ್ನು ಮಂಗ ಮಾಡಿದಳಲ್ಲ ಎಂದು ತೊಡೆ ಚಿವುಟಿದೆ. "ನಂಗ ಎಲ್ಲಾರಿಗೂ ಹಿಂಗೇ ಕಾಣಸ್ತದ ಅನಸಿತ್ರಿ" ಎಂದು ಅಳುತ್ತಾ ಹೇಳಿದಳು. ಎಲ್ಲರೂ ಕೇಳಿಯೇ ಓದುತ್ತಾರೆ ಎಂದುಕೊಂಡಿದ್ದಳು ಆ ಮಗು.

ಅವತ್ತೇ ಗೌಡಸಾನಿಗೆ ಹೇಳಬಹುದಿತ್ತು. ಗುಲಬರ್ಗಾಕ್ಕೆ ಕರೆದುಕೊಂಡು ಹೋಗಿ ಚಸ್ಮಾ ಕೊಡಿಸಿದ್ದರೆ ಮುಗಿಯುತ್ತಿತ್ತು. ಹೆಣ್ಣುಮಗಳಿಗೆ ಚಸ್ಮಾ ಹಾಕಿದರೆ ಮುಂದೆ ಯಾರು ಮಾಡಿಕೊಳ್ಳುತ್ತಾರೆ, ತಾಯಿಗೆ ಯಾಕೆ ಈಗಲೇ ಚಿಂತೆ ಹಚ್ಚುವುದು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಸುಳ್ಳು. ಗೌಡರು ವರನ ಕಡೆಯವರಿಗೆ ಹೇಳಿ ಕಳಿಸಿದ್ದರು. ಈಗ ಹೋಗಿ ನಿಮ್ಮ ಮಗಳಿಗೆ ಓದಲು ಬರುವುದಿಲ್ಲ ಎಂದರೆ ನನ್ನ ಗತಿಯೇನು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಯಾರಿಗೂ ಗೊತ್ತಿಲ್ಲ ಎಂದುಕೊಂಡೆ.

"ಇದು ನಿನಗೂ ನನಗೂ ಅಷ್ಟೇ ಗೊತ್ತಿರಬೇಕು. ನನ್ನ ಮದಿವಿ ಆಗೋತನಕ ಯಾರ ಮುಂದೂ ಹೇಳಬ್ಯಾಡ. ಆಮ್ಯಾಲ ನಾನs ಅವ್ವಗ ಹೇಳ್ತೇನಿ" ಎಂದೆ. ಹುಡುಗಿ ಗೋಣು ಹಾಕಿದಳು. ಗಾಜನ್ನು ಒಂದು ದಿನ ಇಟ್ಟುಕೊಳ್ಳಲೇ ಎಂದು ಕೇಳಿದಳು. ಮನೆಯವರು ನೋಡಿ ಕೇಳಿಯಾರು ಎಂದು ಕೊಡಲಿಲ್ಲ.

ನಾನು ಹೇಳಿದ್ದ ಮೂರು ತಿಂಗಳು ಮುಗಿದಿತ್ತು, ಇನ್ನು ಇಜೇರಿಯ ಕಾಗದಗಳನ್ನು ಹುಡುಗಿಯೇ ಓದಬೇಕಿತ್ತು. ಅದಕ್ಕೂ ಒಂದು ಉಪಾಯ ಮಾಡಿದೆ. ಕಾಗದ ಬಂದರೆ ಹುಡುಗಿ ಮೊದಲು ನನ್ನ ಹತ್ತಿರ ತರಬೇಕು. ನಾನು ಹಿತ್ತಲಲ್ಲಿ ನಿಂತು ಮೆಲ್ಲಗೆ ಒಂದು ಸಲ ಓದುತ್ತೇನೆ, ಆಕೆ ಮನೆಗೆ ಹೋಗಿ ಅವ್ವನ ಮುಂದೆ ಅದನ್ನು ಹಿಡಿದುಕೊಂಡು ಒಪ್ಪಿಸುತ್ತಾಳೆ. ಎರಡು ಕಾಗದ ಹಾಗೇ ಹೋದವು. ಹಿರಿಯ ಮಗಳು ಬಸುರಿ, ಮೊದಲನೆಯದು. ನೀಲಿ ಇನ್‌ಲ್ಯಾಂಡಿನಲ್ಲಿ ಮೂಲೆಯವರೆಗೂ ಜಾಗ ಬಿಡದೆ ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಎಲ್ಲರಿಗೂ ಶರಣು, ನಾವೆಲ್ಲ ಆರಾಮ ಇದ್ದೇವೆ, ನೀವೆಲ್ಲ ಆರಾಮ ಇದ್ದೀರೆಂದು ತಿಳಿದಿದ್ದೇನೆ, ನನ್ನ ಕಾಳಜಿ ಮಾಡಬ್ಯಾಡ್ರಿ ಎಂದು ಶುರುವಾಗುತ್ತಿತ್ತು. ಗೌಡಸಾನಿ ಬಾಗಿಲು ಮುಂದೆ ಮಾಡಿ, ಸಣ್ಣ ಮಗಳನ್ನು ಎದುರು ಕೂರಿಸಿಕೊಂಡು, ಎರಡೆರಡು ಸಲ ಓದಿಸಿ ಕೇಳುತ್ತಿದ್ದಳಂತೆ. "ಮನಿ ಮಾತು ಮನ್ಯಾಗ ಉಳೀತು, ನಿಮ್ಮ ಪುಣ್ಯೇದಿಂದ" ಎಂದು ನನಗೆ ಒಂದು ಗಡಿಗೆ ಬೆಣ್ಣೆ ಕಳಿಸಿದಳು. ತಿಂದೆ.

ಮೂರನೆಯ ಕಾಗದ ಬಂದ ದಿನ ಜೇವರ್ಗಿಯ ವರನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ನಮ್ಮ ಸೋದರತ್ತೆಯ ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿದ್ದರು. ಹಿರಿಯರ ಜಾಗದಲ್ಲಿ ಗೌಡರು ಕೂತಿದ್ದರು. ನಾನು ಚುರುಮುರಿ ಸೂಸ್ಲಾದ ತಾಟು ಹಿಡಿದು ನಿಂತಿದ್ದೆ. ಗೌಡರು ಅವರಿಗೆ ಹೇಳುತ್ತಿದ್ದರು, "ನನ್ನ ಸಣ್ಣ ಮಗಳಿಗೆ ಮೂರು ತಿಂಗಳದಾಗ ಓದಾಕ ಕಲಸ್ಯಾಳ್ರಿ ಈ ಹುಡುಗಿ. ನಮ್ಮ ಮನಿ ಕಾಗದ ಎಲ್ಲಾ ಈಗ ಆಕಿನೇ ಓದ್ತಾಳ."

ಆಗಲೇ ಬಾಗಿಲಲ್ಲಿ ಹುಡುಗಿ ಬಂದು ನಿಂತಳು. ಕೈಯಲ್ಲಿ ನೀಲಿ ಕಾಗದ. ನಾನು ಅದನ್ನು ನೋಡಿದೆ. ಯಾವ ಊರಿನ ಕಾಗದ, ಯಾಕೆ ತಂದಿದ್ದಾಳೆ, ಎಲ್ಲ ಆ ಕ್ಷಣಕ್ಕೇ ಗೊತ್ತಾಯಿತು. ನೋಡಲಿಲ್ಲ, ತಿಳಿಯಲಿಲ್ಲ ಎಂದು ಹೇಳುವ ಹಾಗಿದ್ದರೆ ಇಷ್ಟು ವರ್ಷ ಇಷ್ಟು ಸಂಕಟ ಇರುತ್ತಿರಲಿಲ್ಲ.

"ಅಕ್ಕೋರ..." ಎಂದಳು.

ಗೌಡರು ತಿರುಗಿ ನೋಡಿದರು. "ಏನ ಬೇ, ಅಕ್ಕನ ಕಾಗದ ಬಂತೇನು? ಇಲ್ಲ್ಯಾಕ ತಂದಿ? ಹೋಗು, ಅವ್ವಗ ಓದಿ ಹೇಳು."

ಹುಡುಗಿ ನನ್ನ ಮುಖ ನೋಡಿದಳು. ನಾಲ್ಕು ಹೆಜ್ಜೆ ನಡೆದು, ಹಿತ್ತಲಿಗೆ ಬಾ, ಹೂವು ಕಿತ್ತುಕೊಡುತ್ತೇನೆ ಎಂದು ಒಂದು ನೆಪ ಹೇಳಿ ಕರೆದುಕೊಂಡು ಹೋಗಿದ್ದರೆ ಎರಡು ನಿಮಿಷದ ಕೆಲಸ. ವರನ ತಾಯಿ ನನ್ನ ನಡಿಗೆ, ಕೈ, ಕಾಲು ನೋಡುತ್ತಾ ಕೂತಿದ್ದಳು. ನಾನು ಹುಡುಗಿಗೆ ಕಣ್ಣಿನಲ್ಲೇ ಹೋಗು ಎಂದೆ. ಆಕೆ ಹೋಗಲಿಲ್ಲ. "ಅಪ್ಪಾರು ಹೇಳಿದ್ದು ಕೇಳಸ್ಲಿಲ್ಲೇನು? ಮನಿಗಿ ಹೋಗಿ ಓದು" ಎಂದು ಬಾಯಿಬಿಟ್ಟೇ ಹೇಳಿದೆ. ಮೆತ್ತಗೆ, ಒಳ್ಳೆಯ ಟೀಚರಿನ ದನಿಯಲ್ಲಿ. ಆಕೆ ಹೋದಳು.

ಸಂಬಂಧ ಕೂಡಿತು. ಮರುದಿನ ಹುಡುಗಿ ಪಾಠಕ್ಕೆ ಬಂದಾಗ ಕಾಗದದ ಸುದ್ದಿ ಕೇಳಿದೆ. "ಅವ್ವ ಕುಂದ್ರಿಸಿ ಓದು ಅಂದ್ಳ್ರಿ. ಯಾವಾಗ್ಲೂ ಬರೀತಾಳಲ್ರಿ ಅಕ್ಕ, ಅದನ್ನೇ ಹೇಳಿದ್ನಿ" ಎಂದಳು. ಎಲ್ಲರಿಗೂ ಶರಣು, ನಾವೆಲ್ಲ ಆರಾಮ, ನನ್ನ ಕಾಳಜಿ ಮಾಡಬ್ಯಾಡ್ರಿ. ಆ ಕಾಗದ ತೆಗೆದುಕೊಂಡು ಬಾ, ನಾನು ನೋಡುತ್ತೇನೆ ಎನ್ನಬೇಕಿತ್ತು. ಆಳಂದದಿಂದ ಅಪ್ಪ ಬರುವವನಿದ್ದ, ಸೀರೆಯ ಮಾತು ನಡೆದಿತ್ತು. ಇನ್ನೇನು ಬರೆದಿರುತ್ತಾಳೆ, ಯಾವಾಗಲೂ ಅದೇ ತಾನೆ ಎಂದು ಬಿಟ್ಟೆ.

ಹನ್ನೊಂದು ದಿನಕ್ಕೆ ಇಜೇರಿಯಿಂದ ಆಳು ಬಂದ. ಹಿರಿಯ ಮಗಳಿಗೆ ಫಿಟ್ಸ್ ಬಂದು, ಜೇವರ್ಗಿ ದವಾಖಾನೆಯಿಂದ ಗುಲಬರ್ಗಾಕ್ಕೆ ಒಯ್ದಿದ್ದರು. ತಾಯಿ ಉಳಿದಿದ್ದಳು, ಕೂಸು ಹೊಟ್ಟೆಯಲ್ಲೇ ಹೋಗಿತ್ತು.

ಆಕೆಯನ್ನು ಕರಜಗಿಗೆ ಕರೆತಂದ ಮೂರನೆಯ ದಿನ ಗೌಡಸಾನಿ ನನಗೆ ಹೇಳಿ ಕಳಿಸಿದಳು. ಹೋದೆ. ಹಿರಿಯ ಮಗಳು ಗೋಡೆಗೆ ಒರಗಿ ಕೂತಿದ್ದಳು, ಮುಖ ಇನ್ನೂ ಬಾತಿತ್ತು. "ನಾ ಬರದಿದ್ನಲ್ಲವ್ವ. ಬರದ್ರೂ ಯಾಕ ಬರಲಿಲ್ಲ?" ಎಂದು ಒಂದೇ ಮಾತನ್ನು ತಿರುತಿರುಗಿ ಕೇಳುತ್ತಿದ್ದಳು. ಗೌಡಸಾನಿ ನನ್ನ ಕೈಗೆ ಆ ಕಾಗದ ಕೊಟ್ಟಳು.

"ಓದ್ರಿ ಅಕ್ಕೋರ. ಇದ್ದದ್ದು ಇದ್ದಂಗ ಓದ್ರಿ."

ಶರಣು, ಆರಾಮ ಎಂಬ ಮಾತು ಆ ಕಾಗದದಲ್ಲಿ ಇರಲೇ ಇಲ್ಲ. ಅವ್ವ, ನನ್ನ ಕೈಕಾಲು ಮುಖ ಬಾತಾವು. ತಲೆ ಒಡೆಯುವಂಗ ನೋಯ್ತದ, ಕಣ್ಣಿಗೆ ಕತ್ತಲಿ ಬರ್ತದ. ಇಲ್ಲಿ ಹೇಳಿದ್ರ ಬಸುರಿಗೆ ಬಾವು ಬರೂದs ಅಂತಾರ. ಕುಬುಸದ ಕಾರ್ಯ ಆಗಿ ಅಮಾಸಿ ಮುಗದ ಮ್ಯಾಲ ತವರಿಗೆ ಕಳಸ್ತೇವಿ ಅಂತಾರ. ನೀ ಕುಬುಸದ ಹಾದಿ ಕಾಯಬ್ಯಾಡ. ಈ ಕಾಗದ ಮುಟ್ಟಿದ ದಿನಾನೇ ಬಂದು ನನ್ನ ಕರಕೊಂಡು ಹೋಗು.

ನಾನು ಓದಿದೆ. ಕೊನೆಯವರೆಗೂ ಓದಿದೆ. ಹಿರಿಯ ಮಗಳು ತನ್ನ ತಂಗಿಯ ಕಡೆಗೆ ನೋಡಿದಳು. ಗೌಡಸಾನಿ ನನ್ನ ಕಡೆಗೆ ನೋಡಿದಳು.

"ಖರೆ ಹೇಳ್ರಿ ಅಕ್ಕೋರ. ಈಕಿಗೆ ಓದಾಕ ಬರ್ತದೋ ಇಲ್ಲೋ?"

ಹುಡುಗಿ ಕಂಬದ ಪಕ್ಕ ನಿಂತಿದ್ದಳು. ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮದುವೆಗೆ ಇನ್ನು ಇಪ್ಪತ್ತು ದಿನ ಇತ್ತು.

"ಬರ್ತದ್ರಿ" ಎಂದೆ.

ಓದಲು ಬರುತ್ತದೆ ಎಂದ ಮೇಲೆ ಉಳಿದದ್ದು ಒಂದೇ ಅರ್ಥ. ಬೇಕೆಂದೇ ಸುಳ್ಳು ಓದಿದ್ದಾಳೆ. ಅವ್ವ ತನ್ನನ್ನು ಬಿಟ್ಟು ಇಜೇರಿಗೆ ಹೋಗುತ್ತಾಳೆಂದು ಹೊಟ್ಟೆಕಿಚ್ಚಿನಿಂದ ಓದಿದ್ದಾಳೆ ಎಂದು ಯಾರೋ ಅಂದರು. ಗೌಡರು ಶಾಲೆ ಬಿಡಿಸಿದರು. ನಾನು ಮದುವೆಯಾದೆ, ಮರುವರ್ಷ ಆಳಂದ ತಾಲೂಕಿನಲ್ಲೇ ನೌಕರಿಯೂ ಸಿಕ್ಕಿತು, ಗಂಡನೂ ಅಲ್ಲಿಗೇ ವರ್ಗ ಮಾಡಿಸಿಕೊಂಡ. ನಮ್ಮ ಶಾಲೆಗೆ ಹೊಸದಾಗಿ ಬಂದ ಪ್ರತಿಯೊಂದು ಮಗುವಿನ ಕೈಯಲ್ಲಿ ಕಂಡಿರದ ಪುಟ ಕೊಟ್ಟು ಓದಿಸುತ್ತೇನೆ, ಕಣ್ಣು ಕಿರಿದು ಮಾಡಿದರೆ ಅವತ್ತೇ ತಂದೆತಾಯಿಗೆ ಹೇಳಿ ಕಳಿಸುತ್ತೇನೆ. ಆ ಕಾರಣಕ್ಕೇ ಜನ ನನ್ನನ್ನು ಹೊಗಳುವುದು. ಊರ ಮಕ್ಕಳಿಗೆಲ್ಲ ಚಸ್ಮಾ ಕೊಡಿಸಿದರೂ ಆ ಒಬ್ಬಳ ಲೆಕ್ಕಕ್ಕೆ ಅದು ಬರುವುದಿಲ್ಲ.

ಹದಿಮೂರು ವರ್ಷದ ಮೇಲೆ ಒಂದು ಅಮಾವಾಸ್ಯೆ ಘತ್ತರಗಿಗೆ ಹೋಗಿದ್ದೆ. ದೇವಿಯ ದರ್ಶನ ಮಾಡಿ ಹೊಳೆಯ ದಂಡೆಗೆ ಬಂದರೆ ಗೌಡಸಾನಿ ಕೂತಿದ್ದಳು, ಬುತ್ತಿ ಬಿಚ್ಚಿಕೊಂಡು. ಹಣ್ಣಾಗಿದ್ದಳು. ನನ್ನನ್ನು ಗುರುತು ಹಿಡಿದು, ಕೈ ಹಿಡಿದು ಕೂರಿಸಿಕೊಂಡು, ಒಂದು ರೊಟ್ಟಿ ಕೊಟ್ಟಳು. ಮಕ್ಕಳ ಸುದ್ದಿ ಕೇಳಿದೆ. ಹಿರಿಯವಳಿಗೆ ಆಮೇಲೆ ಇಬ್ಬರು ಮಕ್ಕಳು. ಕಿರಿಯವಳನ್ನು ಅಫಜಲಪುರಕ್ಕೆ ಕೊಟ್ಟಿದ್ದಾರೆ.

"ಪಂಚಮಿಗೂ ತವರಿಗೆ ಬರಾಂಗಿಲ್ರಿ ಆಕಿ. ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಾಂಗಿಲ್ಲ. ದೊಡ್ಡಾಕಿ ಅಂತೂ, ನನ್ನ ಕೂಸು ತಿಂದಾಕಿ ಅಂತಾಳ."

ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯ ಅರಿವೆಯ ಮೇಲಿಟ್ಟೆ. ಅವತ್ತು ಹೇಗೋ ಬಾಯಿ ಬಂತು. ಎಲ್ಲ ಹೇಳಿದೆ. ಗಾಜು, ಹಿತ್ತಲು, ವರನ ಕಡೆಯವರು, ನೀಲಿ ಕಾಗದ, ಎಲ್ಲ. "ಆಕಿಗೆ ಸಣ್ಣ ಅಕ್ಷರ ಕಾಣ್ತಿದ್ದಿಲ್ಲ ಕಾಕು. ನನಗ ಗೊತ್ತಿತ್ತು. ಗೊತ್ತಿದ್ದೇ ಬರ್ತದ ಅಂದ್ನಿ" ಎಂದೆ. ಬೈಯಲಿ, ಮುಖಕ್ಕೆ ಉಗುಳಲಿ ಎಂದು ಕಾದೆ.

ಗೌಡಸಾನಿ ಉಳಿದ ರೊಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದಳು.

"ಆಕಿ ಅವತ್ತೇ ಹೇಳಿದ್ಳ್ರಿ" ಎಂದಳು. "ನೀವು ಹೋದ ಮ್ಯಾಲ ಹೇಳಿದ್ಳು. ಅವ್ವ, ನಂಗ ಕಾಣಾಂಗಿಲ್ಲ, ಅಕ್ಕೋರಿಗೆ ಎಲ್ಲಾ ಗೊತ್ತದ ಅಂದ್ಳು. ನಾ ನಂಬಲಿಲ್ರಿ. ಅಕ್ಕೋರ ಮ್ಯಾಲ ಸುಳ್ಳ ಹೊರಸ್ತಿ ಏನ ಅಂತ ಒಲ್ಯಾಗಿನ ಕಟಗಿ ತಗೊಂಡು ಹೊಡದ್ನಿ. ಕೈ ಮ್ಯಾಲ ಸುಟ್ಟ ಕಲಿ ಇನ್ನಾ ಅದ."

ನಾನು ಅಳುತ್ತಿದ್ದೆ. ಆಕೆ ಅಳಲಿಲ್ಲ. ಬುತ್ತಿಯ ಅರಿವೆ ಮಡಚಿದಳು.

"ನಡೀರಿ. ಅಫಜಲಪುರದ ಬಸ್ಸು ಈಗ ಬರ್ತದ. ಸಣ್ಣಾಕಿ ಮುಂದ ಹೇಳ್ರಿ, ದೊಡ್ಡಾಕಿಗೂ ಕರಸ್ತೇನಿ. ನಾ ಹೇಳಿದ್ರ ದೊಡ್ಡಾಕಿ ನಂಬಾಂಗಿಲ್ಲ. ನಿಮ್ಮ ಬಾಯಿಂದ ಕೇಳಬೇಕು."

ಒಬ್ಬ ಮುದುಕಿಯ ಮುಂದೆ ಹೇಳಿಕೊಂಡದ್ದಕ್ಕೇ ನನ್ನ ಧೈರ್ಯವೆಲ್ಲ ತೀರಿಹೋಗಿತ್ತು. ಆ ಹುಡುಗಿಯ ಮುಖಕ್ಕೆ ಮುಖ ಕೊಡಬೇಕಲ್ಲ! ಮನೆಯಲ್ಲಿ ಮಕ್ಕಳಷ್ಟೇ ಇದ್ದಾರೆ, ನಾಳೆ ಶಾಲೆ ಇದೆ, ಮುಂದಿನ ಅಮಾಸಿಗೆ ಖಂಡಿತ ಬರ್ತೇನ್ರಿ ಎಂದೆ. ಗೌಡಸಾನಿ ಒತ್ತಾಯ ಮಾಡಲಿಲ್ಲ.

"ಹಂಗಾದ್ರ ಇವತ್ತೇ ಹೋಗಿ ಆಕಿಗೆ ಹೇಳಿ ಇಡ್ತೇನ್ರಿ, ಅಕ್ಕೋರು ಬರ್ತಾರ ಅಂತ" ಎಂದು ಬಸ್ಸು ಹತ್ತಿದಳು.

ಹೇಳಿಟ್ಟಿರುತ್ತಾಳೆ. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಆಕೆ. ಅದಾಗಿ ನಾಲ್ಕು ವರ್ಷವಾಯಿತು, ನಾನು ಇನ್ನೂ ಹೋಗಿಲ್ಲ.